ಬ್ಯಾಂಟಿಂಗನ ತೂಕದ ಪಟ್ಟಿ: ಕೃಶರಾಗುವ ವೇಗವನ್ನು ಕುರಿತು ಒಂದು ಐತಿಹಾಸಿಕ ವಿಚಾರ

ಶರೀರದ ಸ್ಥೂಲತೆಯನ್ನು ಆಹಾರನಿಯಮದಿಂದಲೂ ವ್ಯಾಯಾಮದಿಂದಲೂ ಎಷ್ಟು ಶೀಘ್ರವಾಗಿ ಇಳಿಸಬಹುದೆಂಬ ಪ್ರಶ್ನೆ ವೈದ್ಯರಿಗೆ ಸೇರಿದ್ದೆಂದು ಸಾಮಾನ್ಯವಾಗಿ ಭಾವಿಸಲಾಗಿದೆ. ಆದರೆ ‘ಎಷ್ಟು ಶೀಘ್ರವಾಗಿ’ ಎಂಬ ಮಾತು ಹುಟ್ಟಬೇಕಾದರೆ ಮೊದಲು ತಕ್ಕಡಿ ಬೇಕು, ದಿನಾಂಕ ಬೇಕು, ಎರಡನ್ನೂ ಜೊತೆಯಾಗಿ ಬರೆದಿಡುವ ಮನುಷ್ಯನೂ ಬೇಕು. ಈ ಮೂರೂ ಕೂಡಿಬಂದ ಆಧಾರಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಲಂಡನ್ನಿನ ವಿಲಿಯಂ ಬ್ಯಾಂಟಿಂಗನೆಂಬವನು 1863ರಲ್ಲಿ ಅಚ್ಚುಹಾಕಿಸಿದ, ಸ್ಥೂಲತೆಯನ್ನು ಕುರಿತು ಸಾರ್ವಜನಿಕರಿಗೆ ಬರೆದ ಪತ್ರ. (ಇನ್ಸುಲಿನ್ನಿನ ಶೋಧದಲ್ಲಿ ಪ್ರಖ್ಯಾತನಾದ ಫ್ರೆಡರಿಕ್ ಬ್ಯಾಂಟಿಂಗನು ಬೇರೆ.) ಈ ಕಿರುಹೊತ್ತಗೆಯನ್ನು ಇಂದಿನ ‘ಶೀಘ್ರ ಪಥ್ಯ’ಗಳ ಮೂಲಪುರುಷನ ಗ್ರಂಥವೆಂದು ಅನೇಕರು ಹೇಳುವುದುಂಟು. ಹೊತ್ತಗೆಯಲ್ಲಿರುವ ಅಂಕಿಗಳನ್ನೇ ಕೂಡಿ ಕಳೆದು ನೋಡಿದರೆ ಈ ಹೇಳಿಕೆ ನಿಲ್ಲುವುದಿಲ್ಲವೆಂಬುದು ನಮ್ಮ ಅಭಿಪ್ರಾಯ.

ಬ್ಯಾಂಟಿಂಗನು ವೈದ್ಯನಲ್ಲ, ವಿದ್ವಾಂಸನೂ ಅಲ್ಲ. ಶವಸಂಸ್ಕಾರದ ವ್ಯವಸ್ಥೆ ಮಾಡುವುದು ಅವನ ಮನೆತನದ ಉದ್ಯಮ. 1852ರಲ್ಲಿ ವೆಲಿಂಗ್ಟನ್ ಡ್ಯೂಕನ ಅಂತ್ಯಯಾತ್ರೆಯೂ 1861ರಲ್ಲಿ ವಿಕ್ಟೋರಿಯಾ ರಾಣಿಯ ಪತಿ ಆಲ್ಬರ್ಟನ ಅಂತ್ಯಯಾತ್ರೆಯೂ ಈ ಮನೆತನದವರ ಕೈಯಿಂದಲೇ ನಡೆದವು. ಇನ್ನೊಬ್ಬರ ದೇಹದ ಉದ್ದಗಲಗಳನ್ನು ಅಳೆದು ಲೆಕ್ಕವಿಡುವುದು ಕುಲವೃತ್ತಿಯಾಗಿದ್ದವನು ಮುಪ್ಪಿನಲ್ಲಿ ತನ್ನ ದೇಹಕ್ಕೂ ಲೆಕ್ಕದ ಪುಸ್ತಕವನ್ನು ತೆರೆದನೆಂದರೆ ಆಶ್ಚರ್ಯವೇನಿಲ್ಲ. ವಯಸ್ಸು ಸುಮಾರು 66, ಎತ್ತರ ಐದು ಅಡಿ ಐದು ಅಂಗುಲ, ತೂಕ 202 ಪೌಂಡು, ಎಂದರೆ ಸುಮಾರು 92 ಕಿಲೋಗ್ರಾಂ. ಬಗ್ಗಿ ಪಾದರಕ್ಷೆಯ ದಾರ ಕಟ್ಟಿಕೊಳ್ಳಲು ಅವನಿಂದಾಗುತ್ತಿರಲಿಲ್ಲ. ಮೆಟ್ಟಿಲಿಳಿಯುವಾಗ ಹಿಮ್ಮುಖವಾಗಿ, ನಿಧಾನವಾಗಿ ಇಳಿಯಬೇಕಾಗಿತ್ತು.

ಈ ಸ್ಥಿತಿಗೆ ಬರುವ ಮುನ್ನ ಅವನು ಸುಮ್ಮನೆ ಕುಳಿತಿದ್ದವನಲ್ಲ. ಅವನ ಸೋಲುಗಳ ವೃತ್ತಾಂತವೇ ಪತ್ರದ ಅತ್ಯಂತ ಬೆಲೆಯುಳ್ಳ ಭಾಗವೆಂದು ನಮಗೆ ತೋರುತ್ತದೆ. ಸಮುದ್ರಸ್ನಾನ, ಕುದುರೆಸವಾರಿ, ದೀರ್ಘವಾದ ನಡಿಗೆ, ಲೆಮಿಂಗ್ಟನ್, ಚೆಲ್ಟೆನ್‌ಹ್ಯಾಂ, ಹ್ಯಾರೊಗೇಟುಗಳ ಔಷಧೀಯ ಚಿಲುಮೆಗಳ ನೀರು, ಒಂದಲ್ಲದಿದ್ದರೆ ಇನ್ನೊಂದೆಂದು ಎಲ್ಲವನ್ನೂ ಮಾಡಿದನು. ಆಗ ಇಂಗ್ಲೆಂಡಿನಲ್ಲಿ ಹೊಸದಾಗಿ ರೂಢಿಗೆ ಬಂದಿದ್ದ ತುರ್ಕಿ ಸ್ನಾನವನ್ನು ಸುಮಾರು ತೊಂಬತ್ತು ಸಲ ಮಾಡಿ ಆರು ಪೌಂಡು ಮಾತ್ರ ಇಳಿದನು. ಇವೆಲ್ಲಕ್ಕಿಂತ ವಿಚಾರಾರ್ಹವಾದುದು ದೋಣಿಯ ಪ್ರಸಂಗ. ವೈದ್ಯಮಿತ್ರನೊಬ್ಬನ ಸಲಹೆಯಂತೆ ಅವನು ಪ್ರತಿದಿನ ಬೆಳಿಗ್ಗೆ ಒಂದೆರಡು ಗಂಟೆಗಳ ಕಾಲ ಭಾರವಾದ ದೋಣಿಗೆ ಹುಟ್ಟುಹಾಕತೊಡಗಿದನು. ತೋಳು ಬಲಿತವು, ಜೊತೆಗೆ ಹಸಿವೂ ಬಲಿಯಿತು. ಹಸಿದವನು ಉಂಡನು, ತೂಕ ಏರಿತು. ಕೊನೆಗೆ ಆ ಮಿತ್ರನೇ ವ್ಯಾಯಾಮವನ್ನು ಬಿಡೆಂದು ಹೇಳಬೇಕಾಯಿತು. ಆಹಾರದ ಮೇಲೆ ಹಿಡಿತವಿಲ್ಲದ ವ್ಯಾಯಾಮ ತೂಕವನ್ನು ಇಳಿಸಲಾರದೆಂಬುದಕ್ಕೆ ಪ್ರಯೋಗಶಾಲೆಗಳ ಸಾಕ್ಷ್ಯ ಬಹುಕಾಲ ಕಳೆದ ಮೇಲೆ ಬಂದಿತು. ಥೇಮ್ಸ್ ತೀರದ ಈ ಗೃಹಸ್ಥನು ಅದನ್ನು ತನ್ನ ಮೈಮೇಲೆಯೇ ಕಂಡುಕೊಂಡನು.

1862ರ ಆಗಸ್ಟಿನಲ್ಲಿ ಅವನು ವಿಲಿಯಂ ಹಾರ್ವೆಯೆಂಬ ಶಸ್ತ್ರವೈದ್ಯನ ಬಳಿಗೆ ಹೋದದ್ದು ಬೊಜ್ಜಿಗಾಗಿ ಅಲ್ಲ, ಕಿವಿ ಮಂದವಾದುದಕ್ಕಾಗಿ. ಹಾರ್ವೆಯು ಪ್ಯಾರಿಸಿನಲ್ಲಿ ಕ್ಲೋದ್ ಬರ್ನಾರನ ಉಪನ್ಯಾಸಗಳನ್ನು ಕೇಳಿ ಬಂದಿದ್ದನು. ಯಕೃತ್ತು ಸಕ್ಕರೆಯನ್ನು ಉತ್ಪಾದಿಸುತ್ತದೆಂಬ ಬರ್ನಾರನ ವಿಚಾರ ಅವನ ಮನಸ್ಸಿನಲ್ಲಿತ್ತು. ಕಿವಿಯ ತೊಂದರೆಗೂ ಬೊಜ್ಜೇ ಕಾರಣವೆಂದು ತೀರ್ಮಾನಿಸಿ ಬ್ರೆಡ್ಡು, ಬೆಣ್ಣೆ, ಹಾಲು, ಸಕ್ಕರೆ, ಬೀರು, ಆಲೂಗೆಡ್ಡೆಗಳನ್ನು ಬಿಡಲು ವಿಧಿಸಿದನು. ಮಾಂಸ, ಮೀನು, ತರಕಾರಿ, ಸ್ವಲ್ಪ ಹಣ್ಣು, ಒಂದು ಔನ್ಸು ಒಣ ರೊಟ್ಟಿಚೂರು ಇವು ಉಳಿದವು. ದ್ರಾಕ್ಷಾಮದ್ಯಕ್ಕೆ ಧಾರಾಳವಾದ ಅನುಮತಿ ಇತ್ತು. ಈ ಅಂಶವನ್ನು ಇಂದಿನ ಯಾವ ವೈದ್ಯನೂ ಒಪ್ಪಲಾರನು.

ಇನ್ನು ಪಟ್ಟಿಯ ವಿಚಾರ. 1862ರ ಆಗಸ್ಟ್ 26ರಂದು 202 ಪೌಂಡು. ಅಲ್ಲಿಂದ ಮುಂದೆ ಸುಮಾರು ಮೂರು ವಾರಗಳಿಗೊಮ್ಮೆ ತೂಗಿ ಬರೆದಿದ್ದಾನೆ. ಮೊದಲ ತಿಂಗಳುಗಳಲ್ಲಿ ಮೂರು ವಾರಕ್ಕೆ ಮೂರು ಪೌಂಡು, ಒಮ್ಮೆ ನಾಲ್ಕು. ಮರುವರ್ಷದ ಆದಿಯಲ್ಲಿ ಎರಡೆರಡು. ವಸಂತದಲ್ಲಿ ಮತ್ತೆ ಮೂರು. ಕಡೆಕಡೆಗೆ ಎರಡು, ಒಂದು. 1863ರ ಸೆಪ್ಟೆಂಬರಿನ ವೇಳೆಗೆ 156 ಪೌಂಡು. ಒಟ್ಟು ಇಳಿದದ್ದು 46 ಪೌಂಡು, ಸೊಂಟದ ಸುತ್ತಳತೆಯಲ್ಲಿ ಕಡಿಮೆಯಾದದ್ದು ಹನ್ನೆರಡೂ ಕಾಲು ಅಂಗುಲ. ಒಂದು ವರ್ಷಕ್ಕೆ ಹಂಚಿದರೆ ವಾರಕ್ಕೆ ಒಂದು ಪೌಂಡಿಗೂ ಕಡಿಮೆ, ಎಂದರೆ ಸುಮಾರು 400 ಗ್ರಾಂ. ಇದನ್ನು ಶೀಘ್ರಚಿಕಿತ್ಸೆಯೆಂದು ಕರೆಯಲು ಬರುವುದಿಲ್ಲ. ಓದುಗರನ್ನು ಬೆರಗುಗೊಳಿಸಿದ್ದು 46 ಎಂಬ ಮೊತ್ತ. ಅದರ ಹಿಂದಿರುವ ಹನ್ನೆರಡು ತಿಂಗಳುಗಳನ್ನು ಗಮನಿಸಿದವರು ವಿರಳ. ಪತ್ರ ಮರುಮುದ್ರಣಗಳನ್ನು ಕಂಡಿತು, ಲೇಖಕನ ಹೆಸರು ಇಂಗ್ಲಿಷಿನಲ್ಲಿ ಪಥ್ಯಮಾಡುವುದೆಂಬ ಅರ್ಥದ ಕ್ರಿಯಾಪದವೇ ಆಯಿತು. ವೈದ್ಯರ ಪತ್ರಿಕೆಯಾದ ‘ಲ್ಯಾನ್ಸೆಟ್’ ಮಾತ್ರ ವೈದ್ಯನಲ್ಲದವನ ಈ ಪ್ರವೇಶವನ್ನು ಕಟುವಾಗಿ ಟೀಕಿಸಿತು.

ನಿಧಾನದ ಕಲ್ಪನೆ ಬ್ಯಾಂಟಿಂಗನಿಂದ ಆರಂಭವಾದುದಲ್ಲವೆಂಬುದನ್ನೂ ಇಲ್ಲಿ ಸೂಚಿಸಬೇಕು. ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯದಲ್ಲಿ ಅತಿಸ್ಥೂಲನ ವಿಚಾರ ಬರುತ್ತದೆ. ಜೀರ್ಣಕ್ಕೆ ಗುರುವಾಗಿದ್ದೂ ಪುಷ್ಟಿಕರವಲ್ಲದ ಆಹಾರ ಕೊಡಬೇಕೆಂದು ಹೇಳಿ ಜವೆ, ಸಾಮೆ, ಹಾರಕ, ಹೆಸರು, ಹುರುಳಿಗಳನ್ನು ಅಲ್ಲಿ ಎಣಿಸಿದೆ. ಜಾಗರಣೆ, ವ್ಯಾಯಾಮ, ಚಿಂತನೆ ಮೊದಲಾದವುಗಳನ್ನು ಹೆಚ್ಚಿಸಬೇಕೆಂಬಲ್ಲಿ ‘ಕ್ರಮೇಣ’ ಎಂಬ ಪದ ಬಂದಿದೆ. ಆ ಕಾಲದಲ್ಲಿ ತೂಕದ ಪಟ್ಟಿ ಇರಲಿಲ್ಲ. ಕ್ರಮದ ಎಚ್ಚರ ಇತ್ತು.

ಹಾಗಾದರೆ ಅವಸರ ಎಲ್ಲಿಂದ ಬಂದಿತು? ನಮ್ಮ ಊಹೆಯಂತೆ ಅದು ಗಣಿತದ ಹಿಂದೆ ಬಂದಿತು. 1890ರ ದಶಕದಲ್ಲಿ ಅಮೆರಿಕದ ವಿಲ್ಬರ್ ಆಟ್‌ವಾಟರನು ಮನುಷ್ಯನನ್ನೇ ಒಳಗೆ ಕೂರಿಸಿ ಅವನ ದೇಹದ ಶಾಖವನ್ನು ಅಳೆಯುವ ಕೋಣೆಯನ್ನು ಕಟ್ಟಿದನು. 1918ರಲ್ಲಿ ಲೂಲು ಹಂಟ್ ಪೀಟರ್ಸ್ ಎಂಬ ವೈದ್ಯೆ ಗೃಹಿಣಿಯರಿಗೆ ಕ್ಯಾಲೊರಿ ಎಣಿಸುವುದನ್ನು ಕಲಿಸುವ ಪುಸ್ತಕವನ್ನು ಬರೆದಳು. 1958ರಲ್ಲಿ ಮ್ಯಾಕ್ಸ್ ವಿಷ್ನಾಫ್‌ಸ್ಕಿಯು ಒಂದು ಪೌಂಡು ತೂಕಕ್ಕೆ 3,500 ಕ್ಯಾಲೊರಿ ಸಮವೆಂದು ಲೆಕ್ಕಹಾಕಿದನು. ದಿನಕ್ಕೆ 500 ಕಡಿಮೆ ತಿಂದರೆ ವಾರಕ್ಕೆ ಒಂದು ಪೌಂಡು, 1,000 ಕಡಿಮೆಯಾದರೆ ಎರಡು ಎಂಬ ತ್ರೈರಾಶಿ ಇದರಿಂದ ಮನೆಮಾತಾಯಿತು. ಅದನ್ನು ಅಕ್ಷರಶಃ ನಂಬಿದರೆ 202 ಪೌಂಡಿನ ಮನುಷ್ಯನು ದಿನಕ್ಕೆ 500ರಂತೆ ಬಿಡುತ್ತ ಹೋಗಿ 202 ವಾರಗಳಲ್ಲಿ ಇಲ್ಲವೇ ಆಗಿಬಿಡಬೇಕು!

ದೇಹ ಹಾಗೆ ವರ್ತಿಸದೆಂಬುದು 1958ಕ್ಕೆ ಮುಂಚೆಯೇ ತಿಳಿದಿತ್ತು. 1944-45ರಲ್ಲಿ ಮಿನೆಸೋಟ ವಿಶ್ವವಿದ್ಯಾನಿಲಯದಲ್ಲಿ ಆನ್ಸೆಲ್ ಕೀಸನು 36 ಮಂದಿ ತರುಣರನ್ನು, ಯುದ್ಧದಲ್ಲಿ ಭಾಗವಹಿಸಲು ಮನಸ್ಸಾಕ್ಷಿಯ ಕಾರಣದಿಂದ ನಿರಾಕರಿಸಿ ಸ್ವಯಂಸೇವಕರಾಗಿ ಬಂದವರನ್ನು, 24 ವಾರ ಅರೆಹೊಟ್ಟೆಯಲ್ಲಿರಿಸಿದನು. ಆಹಾರ ಸುಮಾರು 1,570 ಕ್ಯಾಲೊರಿ. ವಾರಕ್ಕೆ 22 ಮೈಲಿ ನಡಿಗೆ. ಅವರ ತೂಕದ ಸುಮಾರು ಕಾಲುಭಾಗ ಇಳಿಯಿತು. ವಿಶ್ರಾಂತಿಯಲ್ಲಿ ದೇಹ ವ್ಯಯಮಾಡುವ ಶಕ್ತಿಯೂ ಸುಮಾರು ಶೇಕಡಾ 40ರಷ್ಟು ಕುಗ್ಗಿತು. ಆದಾಯ ಕಡಿಮೆಯಾದಾಗ ಸಂಸಾರಸ್ಥನು ಖರ್ಚನ್ನು ಬಿಗಿಹಿಡಿಯುವಂತೆ ದೇಹವೂ ಹಿಡಿಯಿತು. ಇವರು ಸ್ಥೂಲರಲ್ಲ, ಆರೋಗ್ಯವಂತ ಯುವಕರು. ಆದುದರಿಂದ ಈ ಅಂಕಿಯನ್ನು ಸ್ಥೂಲರಿಗೆ ನೇರವಾಗಿ ಅನ್ವಯಿಸುವುದು ತರವಲ್ಲ.

ಸ್ಥೂಲರ ವಿಷಯದಲ್ಲಿ ಸಮೀಪಕಾಲದ ಆಧಾರವಿದೆ. ಅಮೆರಿಕದ ‘ದಿ ಬಿಗ್ಗೆಸ್ಟ್ ಲೂಸರ್’ ಎಂಬ ದೂರದರ್ಶನ ಸ್ಪರ್ಧೆಯ 14 ಮಂದಿಯನ್ನು ಕುರಿತ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಕಠಿನ ಪಥ್ಯ, ಕಠಿನ ವ್ಯಾಯಾಮಗಳಿಂದ ಅವರು 30 ವಾರಗಳಲ್ಲಿ ಸರಾಸರಿ 58 ಕಿಲೋಗ್ರಾಂ ಇಳಿದಿದ್ದರು. ಬ್ಯಾಂಟಿಂಗನ ವೇಗಕ್ಕೆ ಇದು ನಾಲ್ಕು ಪಟ್ಟಿಗೂ ಮಿಗಿಲು. ಆರು ವರ್ಷಗಳ ನಂತರ 41 ಕಿಲೋಗ್ರಾಂ ಮರಳಿ ಬಂದಿತ್ತು. ವಿಶ್ರಾಂತಿಯ ಶಕ್ತಿವ್ಯಯವಾದರೋ ಅವರ ದೇಹಕ್ಕೆ ಇರಬೇಕಾದುದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆಯಾಗಿಯೇ ಉಳಿದಿತ್ತು.

ಇಷ್ಟನ್ನು ಓದಿ ವೇಗವೇ ದೋಷವೆಂದು ನಿರ್ಣಯಿಸುವುದು ಸುಲಭ. ಆದರೆ 2014ರಲ್ಲಿ ಪ್ರಕಟವಾದ ಮೆಲ್ಬರ್ನಿನ ಪ್ರಯೋಗ ಇದಕ್ಕೆ ಅಡ್ಡ ನಿಲ್ಲುತ್ತದೆ. ಅಲ್ಲಿ 204 ಮಂದಿಯನ್ನು ಎರಡು ಪಂಗಡವಾಗಿ ಮಾಡಿ ಒಂದಕ್ಕೆ 12 ವಾರಗಳ ಶೀಘ್ರಪಥ್ಯವನ್ನೂ ಇನ್ನೊಂದಕ್ಕೆ 36 ವಾರಗಳ ಮಂದಪಥ್ಯವನ್ನೂ ವಿಧಿಸಿದರು. ಗೊತ್ತುಪಡಿಸಿದ ಗುರಿಯನ್ನು ಮುಟ್ಟಿದವರು ಮೊದಲ ಪಂಗಡದಲ್ಲಿ ಶೇಕಡಾ 81, ಎರಡನೆಯದರಲ್ಲಿ 50. ಮುಟ್ಟಿದವರನ್ನು ಸುಮಾರು ಮೂರು ವರ್ಷ ಅನುಸರಿಸಿ ನೋಡಲಾಗಿ ಎರಡು ಪಂಗಡಗಳಲ್ಲಿಯೂ ಇಳಿದ ತೂಕದ ಶೇಕಡಾ 71ರಷ್ಟು ಹಿಂದಿರುಗಿತ್ತು. ಆದುದರಿಂದ ಬ್ಯಾಂಟಿಂಗನು ನಿಧಾನವಾಗಿ ಇಳಿದನು, ಅದಕ್ಕಾಗಿಯೇ ಗೆದ್ದನು ಎಂದು ನಾವು ಹೇಳಲಾರೆವು. ಅವನ ಪಥ್ಯಕ್ಕೆ ಮುಕ್ತಾಯದ ದಿನಾಂಕವಿರಲಿಲ್ಲವೆಂಬುದೇ ಹೆಚ್ಚು ಗಮನಾರ್ಹವೆಂದು ತೋರುತ್ತದೆ. ಸ್ಪರ್ಧೆಗೆ 30 ವಾರ, ಪ್ರಯೋಗಕ್ಕೆ 12 ಅಥವಾ 36. ಬ್ಯಾಂಟಿಂಗನಿಗೆ ಅದು ದಿನನಿತ್ಯದ ಊಟವೇ ಆಯಿತು. ಅವನು 1878ರಲ್ಲಿ, 81ರ ವಯಸ್ಸಿನಲ್ಲಿ ತೀರಿಕೊಂಡನು.

ದೋಣಿಯ ಪ್ರಸಂಗದಿಂದ ವ್ಯಾಯಾಮ ನಿಷ್ಪ್ರಯೋಜಕವೆಂದು ತಿಳಿಯಬಾರದು. ಮೇಲೆ ಹೇಳಿದ 14 ಸ್ಪರ್ಧಾಳುಗಳನ್ನೇ ಕುರಿತು 2017ರಲ್ಲಿ ಪ್ರಕಟವಾದ ಇನ್ನೊಂದು ಲೇಖನದಂತೆ, ಇಳಿದ ತೂಕವನ್ನು ಆರು ವರ್ಷಗಳ ತರುವಾಯವೂ ಉಳಿಸಿಕೊಂಡವರು ದೇಹಶ್ರಮವನ್ನು ಆರಂಭದಲ್ಲಿದ್ದುದಕ್ಕಿಂತ ಸರಾಸರಿ ಶೇಕಡಾ 160ರಷ್ಟು ಹೆಚ್ಚಿಸಿಕೊಂಡಿದ್ದರು. ಮರಳಿ ದಪ್ಪವಾದವರಲ್ಲಿ ಆ ಹೆಚ್ಚಳ ಶೇಕಡಾ 34 ಮಾತ್ರ.