ಶತ್ರುವಿಮಾನದ ಶೋಧದಿಂದ ರೇಡಿಯೊ ಖಗೋಳವಿಜ್ಞಾನಕ್ಕೆ

ಆಕಾಶಕಾಯಗಳು ಹೊರಸೂಸುವ ರೇಡಿಯೊ ತರಂಗಗಳನ್ನು ಅಭ್ಯಸಿಸುವ ರೇಡಿಯೊ ಖಗೋಳವಿಜ್ಞಾನವು ಎರಡನೆಯ ಮಹಾಯುದ್ಧಕ್ಕೆ ಮೊದಲೇ ಹುಟ್ಟಿದ್ದರೂ, ಅದು ಸ್ವತಂತ್ರ ಶಾಖೆಯಾಗಿ ಬೆಳೆದದ್ದು ಶತ್ರುವಿಮಾನಗಳ ಪತ್ತೆಗೆಂದು ರೂಪುಗೊಂಡ ರಾಡಾರ್‌ನ ಆಸರೆಯಲ್ಲಿ. ಅಮೆರಿಕದ ಕಾರ್ಲ್ ಜಾನ್ಸ್ಕಿ 1930ರ ದಶಕದ ಆರಂಭದಲ್ಲಿ ಆಕಾಶಗಂಗೆಯಿಂದ ಬರುವ ರೇಡಿಯೊ ತರಂಗಗಳನ್ನು ಗುರುತಿಸಿದ್ದರು; ಗ್ರೋಟ್ ರೆಬರ್ 1937ರಲ್ಲಿ ಮನೆಯ ಹಿತ್ತಲಿನಲ್ಲೇ ಬೋಗುಣಿಯಾಕಾರದ ದೂರದರ್ಶಕವನ್ನು ಕಟ್ಟಿದ್ದರು. ಆದರೆ ಖಗೋಳಜ್ಞರಲ್ಲಿ ಹೆಚ್ಚಿನವರು ಅತ್ತ ಗಮನ ಹರಿಸಲಿಲ್ಲ.

ರಾಡಾರ್ ಎಂಬುದು ರೇಡಿಯೊ ಮಿಡಿತಗಳನ್ನು ಕಳುಹಿಸಿ, ಅವು ವಿಮಾನಕ್ಕೆ ತಾಗಿ ಮರಳಲು ಹಿಡಿಯುವ ಕಾಲದಿಂದ ದೂರವನ್ನು ಅಳೆಯುವ ಸಾಧನ. 1942ರ ಫೆಬ್ರುವರಿಯ ಕೊನೆಯಲ್ಲಿ, ವಿಮಾನನಿರೋಧಕ ಫಿರಂಗಿಗಳಿಗೆ ಗುರಿ ತೋರುತ್ತಿದ್ದ ಬ್ರಿಟಿಷ್ ರಾಡಾರ್‌ಗಳು 4ರಿಂದ 6 ಮೀಟರ್ ತರಂಗಾಂತರದಲ್ಲಿ ತೀವ್ರ ಗದ್ದಲಕ್ಕೆ ಸಿಲುಕಿದವು. ಅದೇ ತಿಂಗಳು ಜರ್ಮನ್ ಯುದ್ಧನೌಕೆಗಳು ರಾಡಾರ್‌ಗಳಿಗೆ ಅಡ್ಡಿಯೊಡ್ಡಿ ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿಹೋಗಿದ್ದುದರಿಂದ, ಈ ಗದ್ದಲವೂ ಶತ್ರುವಿನದೇ ಇರಬಹುದೆಂಬ ಶಂಕೆ ಸಹಜವಾಗಿತ್ತು. ತನಿಖೆಗೆ ನಿಯುಕ್ತರಾಗಿದ್ದ ಜೇಮ್ಸ್ ಸ್ಟ್ಯಾನ್ಲಿ ಹೇ ಬೇರೆಬೇರೆ ಠಾಣೆಗಳ ವರದಿಗಳನ್ನು ಹೋಲಿಸಿ, ಗದ್ದಲದ ದಿಕ್ಕು ಸೂರ್ಯನೊಂದಿಗೇ ಸರಿಯುತ್ತಿದ್ದುದನ್ನು ಕಂಡರು. ಆ ದಿನಗಳಲ್ಲಿ ಸೂರ್ಯಬಿಂಬದ ಮೇಲೆ ದೊಡ್ಡ ಕಲೆಗಳ ಗುಂಪಿದ್ದ ಸಂಗತಿಯನ್ನು ಗ್ರೀನ್‌ವಿಚ್ ವೀಕ್ಷಣಾಲಯದಿಂದ ತಿಳಿದು, ತರಂಗಗಳ ಮೂಲ ಸೂರ್ಯನೇ ಎಂದು ತೀರ್ಮಾನಿಸಿದರು. ಯುದ್ಧಕಾಲದ ಗೋಪ್ಯತೆಯಿಂದಾಗಿ ಈ ಶೋಧವು ವಿಜ್ಞಾನಪತ್ರಿಕೆಯಲ್ಲಿ ಬೆಳಕು ಕಂಡದ್ದು 1946ರಲ್ಲಿ.

ಮುಂದೆ ಜರ್ಮನಿಯ ವಿ-2 ರಾಕೆಟ್‌ಗಳನ್ನು ಹುಡುಕುತ್ತಿದ್ದಾಗ ದೊರೆತ ಕ್ಷಣಿಕ ಪ್ರತಿಧ್ವನಿಗಳು ಉಲ್ಕೆಗಳ ಜಾಡಿನಿಂದ ಬಂದವೆಂದು ಹೇ ಮತ್ತು ಸಂಗಡಿಗರು ತೋರಿಸಿದರು. ವಿಮಾನದಿಂದ ನೆಲದ ಚಿತ್ರಣ ಪಡೆಯುವ ರಾಡಾರ್ ರೂಪಿಸಿದ್ದ ಬರ್ನಾರ್ಡ್ ಲೊವೆಲ್, 1945ರ ಡಿಸೆಂಬರಿನಲ್ಲಿ ಸೈನ್ಯದ ಉಪಕರಣಗಳೊಂದಿಗೆ ಜೋಡ್ರೆಲ್ ಬ್ಯಾಂಕಿಗೆ ಬಂದು ಇದೇ ಜಾಡನ್ನು ಮುಂದುವರಿಸಿದರು. ಹಗಲಿನಲ್ಲಿ ಕಣ್ಣಿಗೆ ಕಾಣದ ಉಲ್ಕಾಪಾತಗಳೂ ಅಲ್ಲಿ ಗೋಚರಿಸಿದವು. ಆಕ್ರಮಿತ ನೆದರ್ಲೆಂಡ್ಸ್‌ನಲ್ಲಿ ಹೆಂಡ್ರಿಕ್ ವಾನ್ ಡಿ ಹುಲ್ಸ್ಟ್ 1944ರಲ್ಲಿ, ಜಲಜನಕ ಪರಮಾಣು 21 ಸೆಂಟಿಮೀಟರ್ ತರಂಗವನ್ನು ಸೂಸಬಲ್ಲದೆಂದು ಊಹಿಸಿದ್ದರು. ಅದು 1951ರಲ್ಲಿ ಹಾರ್ವರ್ಡ್‌ನಲ್ಲಿ ಮೊದಲು ಪತ್ತೆಯಾದ ಕೆಲವೇ ವಾರಗಳಲ್ಲಿ, ಜರ್ಮನ್ನರು ಬಿಟ್ಟುಹೋಗಿದ್ದ 7.5 ಮೀಟರ್ ವ್ಯಾಸದ ವುರ್ಜ್‌ಬರ್ಗ್ ರಾಡಾರ್ ಬೋಗುಣಿಯಿಂದಲೇ ಡಚ್ಚರು ಅದನ್ನು ದೃಢಪಡಿಸಿ, ಆಕಾಶಗಂಗೆಯ ಸುರುಳಿತೋಳುಗಳನ್ನು ಗುರುತಿಸಲು ತೊಡಗಿದರು.

ಯುದ್ಧಕಾಲದ ರಾಡಾರ್ ಸಂಶೋಧನೆಯಲ್ಲಿ ಪಳಗಿದ್ದ ಆಸ್ಟ್ರೇಲಿಯದ ಜೋಸೆಫ್ ಪಾಸಿ ಅವರ ಬಳಿ ತರಬೇತಿ ಪಡೆದ ಗೋವಿಂದ ಸ್ವರೂಪ್, ಈ ವಿದ್ಯೆಯನ್ನು ಭಾರತದಲ್ಲಿ ನೆಲೆಗೊಳಿಸಿದವರಲ್ಲಿ ಪ್ರಮುಖರು; ಅವರ ನೇತೃತ್ವದಲ್ಲಿ 1970ರಲ್ಲಿ ಊಟಿಯ 530 ಮೀಟರ್ ಉದ್ದದ ದೂರದರ್ಶಕ ಸಿದ್ಧವಾಯಿತು. ಕರ್ನಾಟಕದ ಗೌರಿಬಿದನೂರಿನಲ್ಲಿ ಭಾರತೀಯ ಖಭೌತ ಸಂಸ್ಥೆಯ ರೇಡಿಯೊ ಹೀಲಿಯೊಗ್ರಾಫ್, ಅಂದರೆ ರೇಡಿಯೊ ತರಂಗಗಳಲ್ಲಿ ಸೂರ್ಯನನ್ನು ಚಿತ್ರಿಸುವ ಆಂಟೆನಾಗಳ ಸಮೂಹ, 1997ರಿಂದ ಸೂರ್ಯನ ಹೊರಾವರಣವಾದ ಕರೋನಾವನ್ನು ಗಮನಿಸುತ್ತ ಬಂದಿದೆ. ಅದು ಆಲಿಸುವ ತರಂಗಾಂತರಗಳಲ್ಲಿ, 1942ರಲ್ಲಿ ಫಿರಂಗಿಗಳ ಗುರಿ ತಪ್ಪಿಸುವಂತಿದ್ದ ಆ 4ರಿಂದ 6 ಮೀಟರ್‌ಗಳ ಪಟ್ಟಿಯೂ ಸೇರಿದೆ.