ಪಠ್ಯಕ್ರಮ, ಶಿಕ್ಷಕರ ತರಬೇತಿ ಹಾಗೂ ಪರೀಕ್ಷೆ: ಯಾವ ಕಾರ್ಯ ಯಾವ ಕಚೇರಿಯದು

ಕರ್ನಾಟಕದಲ್ಲಿ ಕಂದಾಯ ಜಿಲ್ಲೆಗಳು 31. ಶೈಕ್ಷಣಿಕ ಜಿಲ್ಲೆಗಳು 35. ಚಿಕ್ಕೋಡಿ, ಶಿರಸಿ, ಮಧುಗಿರಿ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆಗಳಾಗಿದ್ದು, ಬೆಂಗಳೂರು ನಗರ ಜಿಲ್ಲೆಯೊಳಗೆ ಎರಡು ಇರುತ್ತವೆ. ಇವೆಲ್ಲವುಗಳ ಪಠ್ಯಕ್ರಮ ಹಾಗೂ ಶಿಕ್ಷಕರ ತರಬೇತಿಯ ಹೊಣೆ 1975ರಲ್ಲಿ ಸ್ಥಾಪಿತವಾದ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯದಾಗಿರುತ್ತದೆ. ತರಬೇತಿಯು ಜಿಲ್ಲೆಯ ಡಯಟ್‌ ಮೂಲಕ ಕ್ಷೇತ್ರ ಸಂಪನ್ಮೂಲ ಕೇಂದ್ರಗಳಿಗೂ ಅಲ್ಲಿಂದ ಶಾಲೆಗಳಿಗೂ ತಲುಪುತ್ತದೆ.

ಎಸ್.ಎಸ್.ಎಲ್.ಸಿ. ಪರೀಕ್ಷೆ ಮಾತ್ರ ಸದರಿ ಇಲಾಖೆಯ ವ್ಯಾಪ್ತಿಯದಲ್ಲ. ಅದನ್ನು ನಡೆಸುವುದು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿ. ಈ ಹೆಸರು ಬಂದದ್ದು 2022ರಲ್ಲಿ. ಈ ವ್ಯತ್ಯಾಸವನ್ನರಿಯದೆ ಅಂಕಪಟ್ಟಿಯ ತಿದ್ದುಪಡಿಗಾಗಿ ಡಯಟ್‌ಗೆ ಅಲೆಯುವ ಪೋಷಕರಿಗೆ ಕಾಲೇಜು ಪ್ರವೇಶದ ಅಮೂಲ್ಯ ದಿನಗಳು ವ್ಯರ್ಥವಾಗುತ್ತವೆ. ತಿದ್ದುಪಡಿ ಅರ್ಜಿಯನ್ನು ವಿದ್ಯಾರ್ಥಿಯು ವ್ಯಾಸಂಗ ಮಾಡಿದ ಶಾಲೆಯ ಮುಖ್ಯ ಶಿಕ್ಷಕರ ಮುಖಾಂತರ ಮಂಡಲಿಗೆ ಸಲ್ಲಿಸತಕ್ಕದ್ದು.