ಗಡುವು ಮೀರಿದ ಅರ್ಜಿ ಮತ್ತು ಮೇಲಿನ ಕೋರ್ಟು

ನಮ್ಮ ಕಡಯಂಪಟ್ಟಿ ಕಡೆ ಮನೆಯಲ್ಲಿ ಕನ್ನಡ ಮಾತಾಡುವ ನಮಗೆ ಪಟ್ಟಾ, ಸಮನ್ಸು, ಕೋರ್ಟಿನ ಕಾಗದಗಳೆಲ್ಲ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಬರುತ್ತವೆ. ಯಾರಿಂದಲೋ ಓದಿಸಿಕೊಂಡು, ವಕೀಲರನ್ನು ಕಾಣುವಷ್ಟರಲ್ಲಿ ಗಡುವು ಮುಗಿದಿರುತ್ತದೆ. ಸಿವಿಲ್ ಡಿಕ್ರಿಯ ಮೇಲೆ ಜಿಲ್ಲಾ ಕೋರ್ಟಿಗೆ ಅಪೀಲು ಹಾಕಲು 30 ದಿನ, ಹೈಕೋರ್ಟಿಗೆ 90 ದಿನ. ಅದು ದಾಟಿತೆಂದರೆ ಜಮೀನು ಹೋಯಿತೆಂದೇ ಅನೇಕರು ಕೈಚೆಲ್ಲುತ್ತಾರೆ. ಹಾಗೆ ಕೈಚೆಲ್ಲಬೇಕಾಗಿಲ್ಲ ಎಂದು ಹೇಳುವ ಚರಿತ್ರೆಯೊಂದಿದೆ.

ಇಡೀ ಬ್ರಿಟಿಷ್ ಭಾರತಕ್ಕೆ ಕಾಲಮಿತಿಯ ಕಾಯ್ದೆ ಬಂದದ್ದು 1859ರಲ್ಲಿ. ಈಗ ಜಾರಿಯಲ್ಲಿರುವುದು 1963ರ ಕಾಯ್ದೆ. ಅದರ 5ನೇ ಕಲಮಿನ ಪ್ರಕಾರ, ತಡವಾದುದಕ್ಕೆ 'ಸಾಕಷ್ಟು ಕಾರಣ' ತೋರಿಸಿದರೆ ಕೋರ್ಟು ಅಪೀಲನ್ನು ತೆಗೆದುಕೊಳ್ಳಬಹುದು. ತೆಗೆದುಕೊಳ್ಳಲೇಬೇಕು ಎಂದಿಲ್ಲ, ಅದು ಕೋರ್ಟಿನ ವಿವೇಚನೆ. ಹೊಸದಾಗಿ ದಾವೆ ಹೂಡುವವರಿಗೆ ಈ ರಿಯಾಯಿತಿ ಇಲ್ಲ. ಆದರೆ ಆ ವಿವೇಚನೆಗೂ ಕಟ್ಟುಪಾಡು ಇದೆ. 1890ರಲ್ಲಿ ವರದಿಯಾದ ಕೃಷ್ಣ ವಿರುದ್ಧ ಚಾತಪ್ಪನ್ ಮೊಕದ್ದಮೆಯಲ್ಲಿ ನಮ್ಮ ಮದರಾಸು ಹೈಕೋರ್ಟೇ ಇದನ್ನು ಹೇಳಿತು: ಅಲಕ್ಷ್ಯವಾಗಲಿ ದುರುದ್ದೇಶವಾಗಲಿ ಇಲ್ಲದಿದ್ದರೆ 'ಸಾಕಷ್ಟು ಕಾರಣ' ಎಂಬ ಮಾತಿಗೆ ಉದಾರವಾದ ಅರ್ಥ ಕೊಡಬೇಕು.

ಈ ಮಾತನ್ನು 1961ರಲ್ಲಿ ಸುಪ್ರೀಂ ಕೋರ್ಟು ರಾಮಲಾಲ್ ಮೊಕದ್ದಮೆಯಲ್ಲಿ ಎತ್ತಿಹಿಡಿಯಿತು. ಅಲ್ಲಿ ತಡವಾಗಿದ್ದು ಒಂದೇ ದಿನ, ಕಾರಣ ಕಾಯಿಲೆ. ಗಡುವಿನ ಉಳಿದ ದಿನಗಳಲ್ಲಿ ಏಕೆ ಸುಮ್ಮನಿದ್ದೆ ಎಂದು ಕೇಳಿ ಕೆಳಗಿನ ಕೋರ್ಟು ಅಪೀಲನ್ನು ತಳ್ಳಿಹಾಕಿತ್ತು. ಕೇಳಬೇಕಾದ ಪ್ರಶ್ನೆ ಅದಲ್ಲ, ಕೊನೆಯ ದಿನದಿಂದ ಮುಂದಿನ ವಿಳಂಬಕ್ಕೆ ಕಾರಣ ಕೊಟ್ಟರೆ ಸಾಕು ಎಂದು ಸುಪ್ರೀಂ ಕೋರ್ಟು ಆ ನಿರಾಕರಣೆಯನ್ನು ರದ್ದು ಮಾಡಿತು. 1987ರಲ್ಲಿ ಅನಂತನಾಗ್ ಭೂಸ್ವಾಧೀನದ ಪ್ರಕರಣದಲ್ಲೂ 4 ದಿನದ ವಿಳಂಬಕ್ಕೆ ತಿರಸ್ಕೃತವಾದ ಅಪೀಲಿಗೆ ಮತ್ತೆ ಜೀವ ಬಂತು.

ಎಲ್ಲಕ್ಕಿಂತ ಸ್ಪಷ್ಟವಾದ ತೀರ್ಪು ಮದರಾಸು ಹೈಕೋರ್ಟಿನಿಂದ ಮೇಲೆ ಹೋದ ಎನ್. ಬಾಲಕೃಷ್ಣನ್ ಪ್ರಕರಣದ್ದು, 1998ರಲ್ಲಿ ಬಂದದ್ದು. ಆಸ್ತಿಯ ದಾವೆಯಲ್ಲಿ ಏಕಪಕ್ಷೀಯ ಡಿಕ್ರಿ ಆಗಿತ್ತು. ಅದನ್ನು ತೆಗೆಸಲು ಹಾಕಿದ್ದ ಅರ್ಜಿಯೂ ವಜಾ ಆಯಿತು. ವಕೀಲರು ವಿಷಯ ತಿಳಿಸಲಿಲ್ಲವೆಂದು ಆತ ಮತ್ತೆ ಬಂದಾಗ 883 ದಿನ ಕಳೆದಿತ್ತು. ಕೆಳಗಿನ ಕೋರ್ಟು ಮನ್ನಾ ಮಾಡಿತು, ಹೈಕೋರ್ಟು ಅದನ್ನು ರದ್ದು ಮಾಡಿತು, ಸುಪ್ರೀಂ ಕೋರ್ಟು ಮತ್ತೆ ಮನ್ನಾವನ್ನೇ ಉಳಿಸಿತು. ದಿನಗಳ ಲೆಕ್ಕ ಮುಖ್ಯವಲ್ಲ, ಕಾರಣ ನಂಬುವಂಥದೇ ಎಂಬುದು ಮುಖ್ಯ ಎಂದಿತು.

ಅದೇ ತೀರ್ಪು ಹಾಕಿಕೊಟ್ಟ ನಿಯಮವನ್ನು ಶಾಲೆಯ ಮಾತಿನಲ್ಲಿ ಹೀಗೆ ಹೇಳಬಹುದು. ತಡವಾಗಿ ಬಂದ ಮಗುವನ್ನು ತರಗತಿಯ ಮೇಷ್ಟ್ರು ಒಳಗೆ ಕೂರಿಸಿಕೊಂಡರೆ, ಅದು ತೀರಾ ಮನಸ್ವಿಯಾಗಿದ್ದ ಹೊರತು ಹೆಡ್ಮೇಷ್ಟ್ರು ನಡುವೆ ಬರುವುದಿಲ್ಲ. ಮಗುವನ್ನು ಹೊರಗೆ ಕಳಿಸಿದ್ದರೆ ಮಾತ್ರ ಹೆಡ್ಮೇಷ್ಟ್ರು 'ಏಕಪ್ಪಾ ತಡವಾಯಿತು?' ಎಂದು ಹೊಸದಾಗಿ ಕೇಳಿ ತಾವೇ ತೀರ್ಮಾನಿಸಬಹುದು. ಅಂದರೆ ಮನ್ನಾ ಮಾಡಿದ ಆದೇಶಕ್ಕಿಂತ ನಿರಾಕರಿಸಿದ ಆದೇಶವನ್ನು ಮೇಲಿನ ಕೋರ್ಟು ಹೆಚ್ಚು ಸ್ವತಂತ್ರವಾಗಿ ಪರಿಶೀಲಿಸಬಹುದು.

ಇದನ್ನು ಓದಿ ಯಾರೂ ಮೈಮರೆಯಬಾರದು. 2024ರಲ್ಲಿ ಪತಪಾಟಿ ಸುಬ್ಬಾರೆಡ್ಡಿ ಪ್ರಕರಣದಲ್ಲಿ 5659 ದಿನಗಳ ವಿಳಂಬವನ್ನು ಹೈಕೋರ್ಟು ಮನ್ನಿಸದಿದ್ದುದು ಸರಿಯೆಂದೇ ಸುಪ್ರೀಂ ಕೋರ್ಟು ಹೇಳಿತು. 2025ರಲ್ಲಿ ಕರ್ನಾಟಕ ಗೃಹಮಂಡಳಿಯ 3966 ದಿನಗಳ ವಿಳಂಬಕ್ಕೆ ಕರ್ನಾಟಕ ಹೈಕೋರ್ಟು ತೋರಿದ ರಿಯಾಯಿತಿಯನ್ನು ಅದೇ ರದ್ದು ಮಾಡಿತು. ಎದುರು ಪಕ್ಷದವರಿಗೂ ನೆಮ್ಮದಿ ಬೇಕಲ್ಲವೆ?

ಆದ್ದರಿಂದ ಪಾಲಕರಿಗೆ ನಮ್ಮ ಮಾತು ಇಷ್ಟೇ. ಕೋರ್ಟಿನ ಕಾಗದ ಬಂದರೆ ಅಂದೇ ಓದಿಸಿಕೊಳ್ಳಿ. ತಡವಾಗಿಬಿಟ್ಟಿದ್ದರೆ ಆಸ್ಪತ್ರೆಯ ಚೀಟಿ, ಅಂಚೆಯ ರಸೀತಿ, ಏನಿದ್ದರೂ ಜೋಪಾನ ಮಾಡಿ, ನಿಜ ಹೇಳಿ ಅರ್ಜಿ ಹಾಕಿ. ಒಂದು ಕೋರ್ಟು ಒಲ್ಲೆ ಎಂದರೂ ಮೇಲಿನ ಕೋರ್ಟು ಕೇಳುತ್ತದೆ, ಕಾರಣ ನಿಜವಾಗಿರಬೇಕು ಅಷ್ಟೆ.